ಚದುರಂಗದ ಮಣೆಯಲ್ಲಿ ಒಬ್ಬ ಅರಸರು
(ಮುಮ್ಮಡಿ ಕೃಷ್ಣರಾಜ ಒಡೆಯರ ಜೀವನಚಿತ್ರ)

ನಮ್ಮ ಇತಿಹಾಸದ ಪಾಠಗಳಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ರಾಜ್ಯ ಪಡೆದರು, ರಾಜ್ಯ ಕಳೆದುಕೊಂಡರು ಎಂದಿಷ್ಟನ್ನೇ ನಾವು ಬಾಯಿಪಾಠ ಮಾಡಿರುತ್ತೇವೆ. ಆದರೆ ಚದುರಂಗದ ಮಣೆಯ ಮುಂದೆ ಕುಳಿತು ರೂಢಿಯಿರುವವರಿಗೆ ಈ ಅರಸರು ಬೇರೆಯೇ ಬಗೆಯಲ್ಲಿ ಕಾಣಿಸುತ್ತಾರೆ. ಅವರ ಬಾಳನ್ನು ಆ ಮಣೆಯ ಬದಿಯಿಂದ ನೋಡಬೇಕೆಂಬ ಆಸೆಯೇ ಈ ಚಿಕ್ಕ ಲೇಖನಕ್ಕೆ ಕಾರಣ.

ಚದುರಂಗ ನಮ್ಮ ಸೀಮೆಗೆ ಹೊಸ ಆಟವಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೇ ಅದರ ವಿವರಣೆಯಿದೆ. ಇಂದಿನ ಆಟದಲ್ಲಿ ಮಣೆಗೆ 64 ಮನೆಗಳು, ಒಬ್ಬೊಬ್ಬರ ಕಡೆಗೆ 16 ಕಾಯಿಗಳು. ಆನೆಯದು ನೇರ ನಡೆ, ಒಂಟೆಯದು ಓರೆ ನಡೆ, ಮಂತ್ರಿಗೆ ಎರಡೂ ಸಲ್ಲುತ್ತವೆ. ಕುದುರೆ ಎರಡೂವರೆ ಮನೆ ನೆಗೆಯುತ್ತದೆ. ನಡುವೆ ನಿಂತ ಕಾಯಿಗಳು ಅದಕ್ಕೆ ಅಡ್ಡಿಯಲ್ಲ. ಕಾಲಾಳು ಮುಂದಕ್ಕೆ ಮಾತ್ರ ಹೋಗುತ್ತಾನೆ, ಹಿಂದೆ ಸರಿಯುವಂತಿಲ್ಲ. ಕೊನೆಯ ಸಾಲು ಮುಟ್ಟಿದರೆ ಅವನೇ ಮಂತ್ರಿಯಾಗಬಹುದು. ಇಡೀ ಕಾಳಗ ಯಾರಿಗಾಗಿ ನಡೆಯುವುದೋ ಆ ರಾಜ ಮಾತ್ರ ಒಂದೊಂದೇ ಮನೆ ಸರಿಯಬಲ್ಲ. ಅವನಿಗೆ ಶಹ ಬಿದ್ದರೆ ಮಿಕ್ಕೆಲ್ಲ ಯೋಚನೆ ಬಿಟ್ಟು ಅವನನ್ನು ಕಾಯಬೇಕು. ಕಾಯುವ ದಾರಿಯಿಲ್ಲವಾದರೆ ಆಟ ಮುಗಿಯಿತು.

ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನರು ಮಡಿದರು. ಗೆದ್ದ ಇಂಗ್ಲಿಷರು ಅದೇ ಜೂನ್ 30ರಂದು ಐದು ವರ್ಷ ತುಂಬದ ಬಾಲಕನನ್ನು ಗದ್ದಿಗೆಯಲ್ಲಿ ಕೂಡಿಸಿದರು. ರಾಜ್ಯಭಾರವನ್ನು ದಿವಾನ್ ಪೂರ್ಣಯ್ಯನವರು ನಡೆಸಿದರು. ರಾಜನು ಹೆಸರಿಗೆ, ನಡೆಯೆಲ್ಲ ಮಂತ್ರಿಯದು ಎಂಬ ಚದುರಂಗದ ನ್ಯಾಯವೇ ಅಲ್ಲಿಯೂ ನಡೆಯಿತು.

ಪ್ರಾಯಕ್ಕೆ ಬಂದ ಮೇಲೆ ಅರಸರು ಅಧಿಕಾರವನ್ನು ತಾವೇ ವಹಿಸಿಕೊಂಡರು. ಅವರ ಆಳಿಕೆಯನ್ನು ಬರಿದೇ ಹೊಗಳುವುದು ಸತ್ಯಕ್ಕೆ ಸಲ್ಲದು. ಬೊಕ್ಕಸ ಬರಿದಾಯಿತು; ಕಂದಾಯದ ಭಾರವೂ ಅಧಿಕಾರಿಗಳ ಕಾಟವೂ ಹೆಚ್ಚಿ, 1830-31ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಾನು ಆ ರೈತರ ಸಂಕಟವನ್ನು ಮರೆತು ಅರಸರ ಕಥೆ ಹೇಳಲಾರೆ. ದಂಗೆಯನ್ನೇ ನೆವ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ಅರಮನೆ ಉಳಿಯಿತು, ಅರಸುತನ ಹೋಯಿತು. ಆಗ ಅವರಿಗೆ ಮೂವತ್ತೇಳು ವರ್ಷ. ಮುಂದಿನ ಮೂವತ್ತೇಳು ವರ್ಷಗಳನ್ನು ಅವರು ರಾಜ್ಯವಿಲ್ಲದ ರಾಜರಾಗಿಯೇ ಕಳೆಯಬೇಕಾಯಿತು.

ಈ ಸ್ಥಿತಿ ನಮ್ಮ ಕಡೆಯವರಿಗೆ ಅಪರಿಚಿತವಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಇಲ್ಲಿಯ ಆಡಳಿತ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಯಲ್ಲಿತ್ತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅದರ ಸಾಕ್ಷಿ. ನಾಯಕರು 1858ರಲ್ಲಿ ಕತ್ತಿ ಹಿಡಿದರು. ಅದೇ ವರ್ಷ ಸೆರೆಯಾಳಾಗಿ ಎಳೆಯ ಪ್ರಾಯದಲ್ಲಿಯೇ ಪ್ರಾಣ ಕಳೆದುಕೊಂಡರು. ಅವರ ವೀರಕ್ಕೆ ನಾವು ತಲೆಬಾಗುತ್ತೇವೆ. ಮೈಸೂರಿನ ಅರಸರು ಹಿಡಿದ ದಾರಿ ಬೇರೆ. ಅದು ತಾಳ್ಮೆಯ ದಾರಿ.

ಆ ಬಿಡುವಿನ ವರ್ಷಗಳನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲ. ಪಂಡಿತರನ್ನೂ ಚಿತ್ರಗಾರರನ್ನೂ ಸೇರಿಸಿ ಶ್ರೀತತ್ತ್ವನಿಧಿ ಎಂಬ ಒಂಬತ್ತು ಭಾಗಗಳ ಮಹಾಗ್ರಂಥವನ್ನು ಸಿದ್ಧಪಡಿಸಿದರು. ಅದರ ಕೌತುಕನಿಧಿಯಲ್ಲಿ ನಾನಾ ಬಗೆಯ ಆಟಗಳ ವಿವರಗಳಿವೆ. ಹೊಸ ಇಸ್ಪೀಟಿನ ಆಟಗಳನ್ನು ಅವರೇ ಕಲ್ಪಿಸಿದರು. ಆದರೆ ಅವರ ಮನಸ್ಸು ಹೆಚ್ಚಾಗಿ ನೆಟ್ಟಿದ್ದು ಚದುರಂಗದ ಕುದುರೆಯ ಮೇಲೆ.

ಯಾವುದಾದರೂ ಒಂದು ಮನೆಯಿಂದ ಹೊರಟ ಕುದುರೆ, ಹೊಕ್ಕ ಮನೆಯನ್ನು ಮತ್ತೆ ಹೊಗದೆ, 64 ಮನೆಗಳನ್ನೂ ಸುತ್ತಿ ಬರಬೇಕು. ವಾಚಕರು ಹಾಳೆಯ ಮೇಲೆ ಚೌಕ ಬರೆದು ಪ್ರಯತ್ನಿಸಿ ನೋಡಲಿ. ಐವತ್ತು ದಾಟುವಷ್ಟರಲ್ಲಿ ಕುದುರೆ ಮೂಲೆಯಲ್ಲಿ ಸಿಕ್ಕಿಬೀಳುತ್ತದೆ. ಇಂತಹ ಕುದುರೆ ನಡೆಗಳನ್ನು ಅರಸರು ಅನೇಕ ರಚಿಸಿ, ರೇಷ್ಮೆಯ ಬಟ್ಟೆಯ ಮೇಲೆ ಅಚ್ಚು ಹಾಕಿಸಿದರು. ಕೆಲವು ಇನ್ನೂ ಕಠಿಣವಾದವು. ಕುದುರೆ ಹೊಕ್ಕ ಮನೆಗಳಿಗೆ ಅನುಕ್ರಮವಾಗಿ 1ರಿಂದ 64ರವರೆಗೆ ಅಂಕೆ ಹಾಕಿದರೆ, ಪ್ರತಿಯೊಂದು ಅಡ್ಡಸಾಲೂ ಪ್ರತಿಯೊಂದು ಉದ್ದಸಾಲೂ ಕೂಡಿ 260 ಆಗಬೇಕು. ಒಟ್ಟು ಮೊತ್ತ 2080. ಅದು ಎಂಟು ಸಾಲುಗಳಿಗೆ ಸಮನಾಗಿ ಹಂಚಿಹೋಗಬೇಕು. ಕೈಯಲ್ಲಿ ರಾಜ್ಯವಿಲ್ಲದ ಅರಸರು ಒಂದು ಮನೆಯನ್ನೂ ಬಿಡದೆ, ಒಂದು ಸಾಲಿಗೂ ಹೆಚ್ಚುಕಡಿಮೆ ಮಾಡದೆ ಆಳಿದ ರಾಜ್ಯ ಇದೊಂದೇ ಎನ್ನಬಹುದೇನೋ.

ಆಟದ ನಡುವೆ ಅವರು ನಿಜವಾದ ಮಣೆಯನ್ನು ಮರೆಯಲಿಲ್ಲ. ರಾಜ್ಯವನ್ನು ಹಿಂದಿರುಗಿಸಬೇಕೆಂದು ಮತ್ತೆ ಮತ್ತೆ ಮನವಿಗಳನ್ನು ಕಳುಹಿಸುತ್ತ ಬಂದರು. 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮೊದಲು ಒಪ್ಪದ ಇಂಗ್ಲಿಷ್ ಸರಕಾರ 1867ರಲ್ಲಿ ಒಪ್ಪಿಕೊಂಡಿತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ಕಣ್ಣುಮುಚ್ಚಿದರು. 1881ರಲ್ಲಿ ರಾಜ್ಯವು ಚಾಮರಾಜೇಂದ್ರರ ಕೈಗೆ ಮರಳಿ ಬಂತು. ತಂದೆಯವರು ಮುಂದೆ ನಡೆಸಿದ ಪುಟ್ಟ ಕಾಲಾಳು ಕೊನೆಯ ಸಾಲು ಮುಟ್ಟಿತ್ತು. ಆದರೆ ಅದನ್ನು ನೋಡಲು ಅವರಿರಲಿಲ್ಲ.

ಅವರ ಮತ್ತೊಂದು ಕಾರ್ಯವನ್ನು ಹೇಳದೆ ಮುಗಿಸಲಾರೆ. ಅಧಿಕಾರ ಹೋದ ಎರಡೇ ವರ್ಷಗಳಲ್ಲಿ, 1833ರಲ್ಲಿ, ಅವರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಬೆಳೆದು ಮಹಾರಾಜಾ ಕಾಲೇಜು ಆಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಅವ್ವನಿಗೆ ಇಂದಿಗೂ ಅಕ್ಷರ ಬಾರದು. ನನ್ನ ಹಾಗೆಯೇ ಬಂದ ಗೆಳೆಯ ಗೆಳತಿಯರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಕಾಲಾಳಿಗೆ ಹಿಂದಿನ ಮನೆಯಿಲ್ಲವೆಂಬುದು ನಮಗೆ ಯಾರೂ ಹೇಳಿಕೊಡದೆ ತಿಳಿದ ಮಾತು. ಎದುರಿನ ಮನೆ ಕಟ್ಟಿಕೊಂಡಿದ್ದಾಗ ಎದೆಗುಂದದೆ ಕಾಯುವುದನ್ನೂ, ಕಾಯುವ ಹೊತ್ತನ್ನು ಬರಿದೇ ಕಳೆಯದಿರುವುದನ್ನೂ ಮಾತ್ರ ನಾನು ಈ ಅರಸರಿಂದ ಕಲಿತೆನು.