ನಗೆಗೆ ಅಂಜದ ರೋಜರ್ ಬ್ರೆಸ್ನಹನ್

ಆಟವೆಂದ ಮೇಲೆ ಪೆಟ್ಟು ಸಹಜ, ಪೆಟ್ಟಿಗೆ ಹೆದರುವವನು ಆಡಬಾರದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಾನೂ ಅದನ್ನು ನಂಬಿದ್ದವನೇ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ವಿಕೆಟ್ ಕೀಪರನಾಗಿ ನಿಂತಿದ್ದೆ. ಗೆಳೆಯರು ನಕ್ಕರೆಂದು ಪ್ಯಾಡುಗಳನ್ನು ಬಿಚ್ಚಿಟ್ಟೆ. ಅಂದೇ ಮೊಣಕಾಲಿಗೆ ಚೆಂಡು ಬಡಿದು ಮೂರು ವಾರ ಹಾಸಿಗೆ ಹಿಡಿದೆ. ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ತಿರುಗಿದ ತಂದೆಯವರಿಗೆ ಅಷ್ಟು ದಿನದ ಕೂಲಿ ತಪ್ಪಿತು. ಆದುದರಿಂದಲೇ ಅಮೆರಿಕದ ಬೇಸ್‌ಬಾಲ್ ಆಟಗಾರ ರೋಜರ್ ಬ್ರೆಸ್ನಹನ್‌ನ ಜೀವನವನ್ನು ಓದಿದಾಗ ಅದು ನನ್ನ ಮನಸ್ಸಿಗೆ ನಾಟಿತು.

ಈತನು ಹುಟ್ಟಿದ್ದು 1879ರ ಜೂನ್ 11ರಂದು, ಓಹಾಯೋ ಪ್ರಾಂತದ ಟೊಲೆಡೊ ನಗರದಲ್ಲಿ. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದವರು. 1902ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿ, ಹಲವು ಸ್ಥಾನಗಳಲ್ಲಿ ಆಡಿ, ಕೊನೆಗೆ ಕ್ಯಾಚರನಾಗಿ ನೆಲೆನಿಂತನು. 1905ರ ವಿಶ್ವ ಸರಣಿಯಲ್ಲಿ ಕ್ರಿಸ್ಟಿ ಮ್ಯಾಥ್ಯೂಸನ್ ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಮೂರು ಪಂದ್ಯಗಳನ್ನು ಗೆದ್ದುಕೊಟ್ಟಾಗ, ಮೂರರಲ್ಲಿಯೂ ಆತನ ಚೆಂಡನ್ನು ಹಿಡಿದವನು ಬ್ರೆಸ್ನಹನ್.

ಕ್ಯಾಚರನ ಕೆಲಸ ವಿಕೆಟ್ ಕೀಪರನದರಂತೆಯೇ. ಆದರೆ ಅವನು ದಾಂಡಿಗನ ಬೆನ್ನಿಗೇ ಕುಕ್ಕರಗಾಲಿನಲ್ಲಿ ಕೂಡಬೇಕು. ದಾಂಡಿನ ಅಂಚಿಗೆ ತಗುಲಿದ ಚೆಂಡು ಅವನ ಕಾಲಿಗೆ ಬಡಿಯುತ್ತದೆ. ಓಟ ಪೂರೈಸಲು ಜಾರಿಬರುವವನ ಮೊಳೆಬೂಟು ಚರ್ಮವನ್ನು ಸೀಳುತ್ತದೆ. ಮುಖಕ್ಕೆ ಜಾಲರಿ, ಎದೆಗೆ ಕವಚ ಆ ವೇಳೆಗೆ ಬಂದಿದ್ದವು. ಕಾಲಿನ ರಕ್ಷೆಯನ್ನು ಮಾತ್ರ ಕೆಲವರು ನಾಚಿಕೆಯಿಂದ ಕಾಲುಚೀಲದೊಳಗೆ ಅಡಗಿಸಿಕೊಳ್ಳುತ್ತಿದ್ದರು. 1907ರ ಏಪ್ರಿಲ್‌ನಲ್ಲಿ, ಆ ವರ್ಷದ ಪಂದ್ಯಗಳ ಮೊದಲ ದಿನ, ಬ್ರೆಸ್ನಹನ್ ಕ್ರಿಕೆಟ್ ಪ್ಯಾಡನ್ನು ಹೋಲುವ ಕಾಲ್ಗವಚವನ್ನು ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನಕ್ಕೆ ಇಳಿದನು. ಪ್ರೇಕ್ಷಕರು ಗೇಲಿ ಮಾಡಿದರು. ಅದಕ್ಕೆ ಸೋತು ಆತನು ಅದನ್ನು ಕೈಬಿಡಲಿಲ್ಲ.

ಅದೇ ವರ್ಷ ದಾಂಡು ಹಿಡಿದು ನಿಂತಿದ್ದಾಗ ಚೆಂಡು ತಲೆಗೆ ಬಡಿದು, ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದನು. ಚೇತರಿಸಿಕೊಂಡ ಮೇಲೆ ತಲೆಗೂ ಒಂದು ರಕ್ಷೆಯನ್ನು ಧರಿಸಿ ನೋಡಿದನು. ಕಾಲ್ಗವಚ ಕೆಲವೇ ವರ್ಷಗಳಲ್ಲಿ ಕ್ಯಾಚರುಗಳ ಉಡುಪಿನ ಅಂಗವಾಯಿತು. ಶಿರಸ್ತ್ರಾಣವನ್ನು ಬಹುಮಂದಿ ಲೆಕ್ಕಿಸಲಿಲ್ಲ. 1920ರ ಆಗಸ್ಟ್‌ನಲ್ಲಿ, ಅದೇ ಪೋಲೋ ಗ್ರೌಂಡ್ಸ್‌ನಲ್ಲಿ, ಕ್ಲೀವ್‌ಲೆಂಡ್ ತಂಡದ ರೇ ಚಾಪ್ಮನ್ ತಲೆಗೆ ಚೆಂಡು ಬಡಿದು ಮರುದಿನ ತೀರಿಕೊಂಡನು. ಅಷ್ಟಾದರೂ ಪ್ರಮುಖ ಲೀಗುಗಳಲ್ಲಿ ಹೊಸ ಆಟಗಾರರೆಲ್ಲರಿಗೂ ಶಿರಸ್ತ್ರಾಣ ಕಡ್ಡಾಯವಾದುದು 1971ರಲ್ಲಿ!

ಬ್ರೆಸ್ನಹನ್ 1944ರ ಡಿಸೆಂಬರ್ 4ರಂದು ಹುಟ್ಟೂರಿನಲ್ಲಿಯೇ ನಿಧನನಾದನು. ಮರುವರ್ಷ ಬೇಸ್‌ಬಾಲಿನ ಕೀರ್ತಿಭವನಕ್ಕೆ ಆತನ ಹೆಸರನ್ನು ಆರಿಸಿದರು.

ವೇಗದ ಚೆಂಡನ್ನು ಎದುರಿಸುವ ಧೈರ್ಯ ಅನೇಕರಲ್ಲಿ ಉಂಟು. ಸಾವಿರಾರು ಜನರ ನಗೆಯನ್ನು ಎದುರಿಸುವ ಧೈರ್ಯ ಅಪರೂಪ. ಈಗ ನಾನು ಪ್ಯಾಡು ಕಟ್ಟದೆ ವಿಕೆಟ್ಟಿನ ಹಿಂದೆ ನಿಲ್ಲುವುದಿಲ್ಲ. ನಗುವವರು ನಗಲಿ. ಈ ಕಾಲುಗಳನ್ನು ನಂಬಿದವರು ಮನೆಯಲ್ಲಿದ್ದಾರೆ.