ಕಾರು ಕಾರ್ಖಾನೆಗೆ ಹಟ ಹಿಡಿದ ದಿವಾನರು

ನಮ್ಮ ಯಡಿಯೂರಿನ ಹೆದ್ದಾರಿಯಲ್ಲಿ ಹೊಸ ಲಾರಿಗಳ ಬರೀ ಚಾಸಿಗಳು ಸಾಲಾಗಿ ಹೋಗುವುದನ್ನು ನೀವೆಲ್ಲ ನೋಡಿರುತ್ತೀರಿ. ಬಾಡಿ ಕಟ್ಟುವುದು, ದೀಪ ಜೋಡಿಸುವುದು, ಬಣ್ಣ ಬಳಿಯುವುದು ಎಲ್ಲ ಇನ್ನೆಲ್ಲೋ ಆಗುತ್ತದೆ. 1930ರ ದಶಕದಲ್ಲಿ ಇಡೀ ಭಾರತದ ಮೋಟಾರು ಉದ್ಯಮವೇ ಜೋಡಣೆಯ ಕೆಲಸವಾಗಿತ್ತು. ಎಂಜಿನ್, ತಗಡು, ಹೆಡ್‌ಲೈಟು, ಬೋಲ್ಟು ಪೆಟ್ಟಿಗೆಗಳಲ್ಲಿ ಹಡಗೇರಿ ಬರುತ್ತಿದ್ದವು. ಮುಂಬಯಿಯ ಸೇವ್ರಿಯಲ್ಲಿ ಜನರಲ್ ಮೋಟಾರ್ಸ್ 1928ರಿಂದ ಅವನ್ನು ಜೋಡಿಸಿ ಮಾರುತ್ತಿತ್ತು. ದುಡಿಯುವ ಕೈ ನಮ್ಮದು, ವಿದ್ಯೆ ಅವರದು.

ಇದು ಸಾಲದು, ಕಾರು ಇಲ್ಲೇ ತಯಾರಾಗಬೇಕು ಎಂದವರು ಸರ್ ಎಂ. ವಿಶ್ವೇಶ್ವರಯ್ಯ. ಈ ಮಾತು ಎಲ್ಲರಿಗೂ ಗೊತ್ತು. ಅವರಿಗೆ ಬೆನ್ನಾಗಿ ನಿಂತ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ನೆನೆಯುವವರು ಕಡಿಮೆ.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ತಾತ ಆಗಾ ಅಲಿ ಅಸ್ಕರ್ ಪರ್ಷಿಯಾದಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದವರು. ಕುದುರೆ ಮಾರಿದವರ ಮೊಮ್ಮಗ ಮೋಟಾರಿನ ಹಿಂದೆ ಬಿದ್ದದ್ದು ತಮಾಷೆಯೇ! ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೊತೆ ಓದಿ, ಸೆಂಟ್ರಲ್ ಕಾಲೇಜಿನಲ್ಲಿ 1905ರಲ್ಲಿ ಪದವಿ ಪಡೆದು, 1926ರಲ್ಲಿ ಮೈಸೂರಿನ ದಿವಾನರಾದರು. ಅವರ ಕಾಲದಲ್ಲಿ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಬಂತು, ಬೆಂಗಳೂರಿನಲ್ಲಿ ಪಿಂಗಾಣಿ, ಗಾಜು ತಯಾರಾದವು. 1936ರಲ್ಲಿ ಮೈಸೂರು ಲ್ಯಾಂಪ್ಸ್ ಶುರುವಾಗಿ ವಿದ್ಯುತ್ ಬಲ್ಬುಗಳು ಇಲ್ಲಿಯವೇ ಆದವು.

ಕಾರು ಮಾತ್ರ ಕೈಗೆ ಸಿಗಲಿಲ್ಲ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಮಾಡಿದ್ದರು. ಬೆಂಬಲ ಕೊಡಲು ಮುಂದಾಗಿದ್ದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟಿತು. ಆಗ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಬೆಂಗಳೂರಿನಲ್ಲೇ ಕಾರ್ಖಾನೆ ಮಾಡೋಣವೆಂದು ಮಿರ್ಜಾ ಮುಂದೆ ಬಂದರು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಯುದ್ಧಕ್ಕೆ ಇದರಿಂದ ಉಪಯೋಗವಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದೇ ಯುದ್ಧಕ್ಕಾಗಿ ಕೆನಡಾದಿಂದ ಚಾಸಿ ತರಿಸಿ, ಇಲ್ಲಿನ ರೈಲ್ವೆ ವರ್ಕ್‌ಶಾಪುಗಳಲ್ಲಿ ಕವಚದ ಬಾಡಿ ಕೂರಿಸಿ ಸೈನ್ಯಕ್ಕೆ ಗಾಡಿ ಕೊಟ್ಟರು. ಬಾಡಿ ಕಟ್ಟಲು ನಾವು ಬೇಕು, ಎಂಜಿನ್ ಮಾಡಲು ಬೇಡ. ಆ ಕಾರಣ ನೆಪವಲ್ಲದೆ ಮತ್ತೇನು?

ಮಿರ್ಜಾ ಕೈಕಟ್ಟಿ ಕೂರಲಿಲ್ಲ. ವಾಲ್‌ಚಂದರಿಗೆ ವಿಮಾನ ಕಾರ್ಖಾನೆಯ ಆಸೆಯೂ ಇತ್ತು. ಮೈಸೂರು ಸರ್ಕಾರ ಅದಕ್ಕೆ ಜಾಗ ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಮರುವರ್ಷ ಅಲ್ಲಿಂದ ಹಾರಿದ ಮೊದಲ ಹಾರ್ಲೋ ವಿಮಾನವೂ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿದ್ದೇ.

ಮಹಾರಾಜರು ತೀರಿಕೊಂಡ ಮರುವರ್ಷ, 1941ರಲ್ಲಿ, ಮಿರ್ಜಾ ದಿವಾನಗಿರಿ ಬಿಟ್ಟರು. ಆಮೇಲೆ ಜೈಪುರ, ಹೈದರಾಬಾದುಗಳಲ್ಲಿ ಆಡಳಿತ ನಡೆಸಿದರು. ಜೈಪುರದ ದೊಡ್ಡ ರಸ್ತೆಗೆ ಇಂದಿಗೂ ಅವರದೇ ಹೆಸರು. ವಾಲ್‌ಚಂದರ ಕಾರು ಕಂಪನಿ, ಪ್ರೀಮಿಯರ್, 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಬೆಂಗಳೂರಿನ ವಿಮಾನ ಕಾರ್ಖಾನೆಯವರು ಯುದ್ಧ ಮುಗಿದ ಮೇಲೆ ರೈಲು ಬೋಗಿ ಮಾಡಿದರು, ಬಸ್ಸುಗಳಿಗೆ ಉಕ್ಕಿನ ಬಾಡಿ ಕಟ್ಟಿದರು. ಮಿರ್ಜಾ ಅದನ್ನೆಲ್ಲ ನೋಡುವಷ್ಟು ಕಾಲ ಬದುಕಿದ್ದು, 1959ರ ಜನವರಿ 5ರಂದು ಹುಟ್ಟಿದೂರಿನಲ್ಲೇ ತೀರಿಕೊಂಡರು.