ಮಿದುಳಿನ ಕರೆಂಟು ಹಿಡಿದ ಹಾನ್ಸ್ ಬರ್ಗರ್

ನಮ್ಮೂರು ಅಮಾಸೆಬೈಲು. ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದಕೈ ಕೊಡುವುದನ್ನು ಸಣ್ಣವರಿದ್ದಾಗ ನಾವು ನೋಡಿದ್ದೇವೆ. (ಅದರಿಂದ ಉಪಯೋಗ ಇಲ್ಲ. ಮಗ್ಗುಲಿಗೆ ಮಲಗಿಸಬೇಕು, ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.) ಆಮೇಲೆ ಹಾಲಾಡಿ ದಾಟಿ ಮಣಿಪಾಲಕ್ಕೆ ಹೋದರೆ ತಲೆಗೆ ಇಪ್ಪತ್ತು ಚಿಲ್ಲರೆ ವಯರ್ ಅಂಟಿಸಿ ಇಇಜಿ ತೆಗೀತಾರೆ. ಆ ಇಇಜಿಯನ್ನು ಮೊದಲು ಮನುಷ್ಯರ ಮೇಲೆ ಮಾಡಿದವರು ಜರ್ಮನಿಯ ಹಾನ್ಸ್ ಬರ್ಗರ್. ಹೆಸರು ಕೇಳಿ ಕ್ಯಾಂಟೀನ್ ನೆನಪು ಮಾಡಿಕೊಳ್ಳಬೇಡಿ.

ಬರ್ಗರ್ ಹುಟ್ಟಿದ್ದು 1873ರಲ್ಲಿ, ಕೋಬುರ್ಗ್ ಹತ್ತಿರ. ಕಾಲೇಜಿಗೆ ಸೇರಿದ್ದು ಖಗೋಳಶಾಸ್ತ್ರ ಓದಲು. ಅದನ್ನು ಬಿಟ್ಟು ಸೈನ್ಯದಲ್ಲಿದ್ದಾಗ ಒಂದು ದಿನ ಕುದುರೆಯಿಂದ ಬಿದ್ದರು, ಅದೂ ಫಿರಂಗಿ ಗಾಡಿಯ ಎದುರಿಗೇ. ಗಾಡಿ ಕೂದಲೆಳೆಯಲ್ಲಿ ನಿಂತಿತು. ಅದೇ ದಿನ ದೂರದ ಊರಲ್ಲಿದ್ದ ಅಕ್ಕನಿಗೆ ತಮ್ಮನಿಗೆ ಏನೋ ಆಗಿದೆ ಅಂತ ಅನಿಸಿ, ಅಪ್ಪನಿಂದ ಟೆಲಿಗ್ರಾಂ ಕಳಿಸಿದಳಂತೆ. ನಾವಾದರೆ ಕಾಕತಾಳೀಯ ಅಂತ ಬಿಟ್ಟುಬಿಡುತ್ತಿದ್ದೆವು. ಬರ್ಗರ್ ಬಿಡಲಿಲ್ಲ. ಮನಸ್ಸಿನ ಶಕ್ತಿ ಅಂತ ಒಂದು ಇದ್ದರೆ ಅದನ್ನು ಅಳೆಯಲೇಬೇಕು ಅಂತ ಹಟ ಹಿಡಿದು ಮೆಡಿಕಲ್ ಓದಿದರು. ಯೇನಾ ಊರಿನ ಮನೋರೋಗ ಚಿಕಿತ್ಸಾಲಯ ಸೇರಿ ಬದುಕಿನ ಬಹುಪಾಲು ಅಲ್ಲೇ ಕಳೆದರು.

ಮೊದಲು ಮಿದುಳಿನ ರಕ್ತದ ಹರಿವು ಅಳೆದು ನೋಡಿದರು, ಆಮೇಲೆ ಉಷ್ಣತೆ. ಎರಡೂ ಕೈಕೊಟ್ಟವು. ಕರೆಂಟು ಮಾತ್ರ ಉಳಿಯಿತು. ಪ್ರಾಣಿಗಳ ಮಿದುಳಲ್ಲಿ ಅದು ಇದೆ ಅಂತ ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಆದರೆ ಮನುಷ್ಯನ ತಲೆಬುರುಡೆಯ ಹೊರಗೆ ಸಿಗುವುದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗದಂಥ ಕೆಲವೇ ಹತ್ತು ಮೈಕ್ರೋವೋಲ್ಟ್. ನಮ್ಮ ಲ್ಯಾಬಿನಲ್ಲಿ ಮಿಲಿವೋಲ್ಟ್ ಸಿಗ್ನಲ್ಲೇ ನಾಯ್ಸ್‌ನಲ್ಲಿ ಕಳೆದುಹೋಗುತ್ತೆ! ಬರ್ಗರ್ ಹತ್ತಿರ ಇದ್ದದ್ದು ತಂತಿ ಗ್ಯಾಲ್ವನೋಮೀಟರ್. ಹೃದಯದ ಇಸಿಜಿಗೆ ಮಾಡಿದ್ದು. ಬೆಳಕಿನಲ್ಲಿ ಅದರ ತಂತಿಯ ನೆರಳು ಫೋಟೋ ಕಾಗದದ ಮೇಲೆ ಗೆರೆ ಬರೆಯಬೇಕು. ಎಲೆಕ್ಟ್ರಾನಿಕ್ಸ್ ಅವರ ವಿಷಯವೂ ಅಲ್ಲ.

1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಯಾದ 17 ವರ್ಷದ ಹುಡುಗನ ತಲೆಯಿಂದ ಮೊದಲ ಗೆರೆ ಸಿಕ್ಕಿತು. ನಾವಾಗಿದ್ದರೆ ಅದೇ ರಾತ್ರಿ ಸ್ಟೇಟಸ್ ಹಾಕುತ್ತಿದ್ದೆವು. ಅವರು ಐದು ವರ್ಷ ಬಾಯಿ ಬಿಡಲಿಲ್ಲ. ಇದು ಮಿದುಳಿನದೋ, ಹೃದಯದ್ದೋ, ಸ್ನಾಯುವಿನದೋ, ಬರೀ ಎಲೆಕ್ಟ್ರೋಡ್ ಅಲುಗಿದ್ದೋ ಅಂತ ಒಂದೊಂದನ್ನೂ ತಳ್ಳಿಹಾಕುತ್ತ ಹೋದರು. ಮಗ ಕ್ಲಾಸ್‌ನನ್ನು ಕೂರಿಸಿ ಹತ್ತಾರು ಸಲ ತೆಗೆದರು, ತಮ್ಮ ಮೇಲೂ ಮಾಡಿಕೊಂಡರು. ಕಣ್ಣು ಮುಚ್ಚಿದರೆ ಸೆಕೆಂಡಿಗೆ ಸುಮಾರು 10 ಅಲೆ. ಕಣ್ಣು ತೆರೆದರೆ ಮಾಯ. ಅದಕ್ಕೆ ಆಲ್ಫಾ ಅಂತ ಹೆಸರಿಟ್ಟರು. 1929ರಲ್ಲಿ ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಜಗತ್ತು ತಿರುಗಿ ನೋಡಿತು. ಮರುವರ್ಷ ಅಮೆರಿಕದಲ್ಲಿ ಒಂದು ಬಗೆಯ ಅಪಸ್ಮಾರದ ಗುರುತು ಇಇಜಿಯಲ್ಲಿ ಸಿಕ್ಕಿತು: ಸೆಕೆಂಡಿಗೆ ಮೂರು ಬಾರಿ ಬರುವ ಮೊನೆ ಮತ್ತು ಅಲೆ.

ಇವತ್ತು ಡಿ.ಎಂ. ನ್ಯೂರಾಲಜಿ ಮುಗಿಸಿದ ಡಾಕ್ಟರುಗಳಲ್ಲಿ ಕೆಲವರು ಇದನ್ನೇ ಓದಲು ಮತ್ತೆ ಫೆಲೋಶಿಪ್ ಸೇರುತ್ತಾರೆ. ಸೀನಿಯರ್ ಪಕ್ಕ ಕೂತು ಹತ್ತು ಹತ್ತು ಸೆಕೆಂಡಿನ ಪುಟ ತಿರುಗಿಸುತ್ತ, ಯಾವುದು ರೋಗ, ಯಾವುದು ಬರೀ ರೆಪ್ಪೆ ಬಡಿದದ್ದು ಅಂತ ಬೇರೆ ಮಾಡುವುದನ್ನು ಕಲಿಯಬೇಕು. ತಪ್ಪಿದರೆ ರೋಗವೇ ಇಲ್ಲದವರು ವರ್ಷಗಟ್ಟಲೆ ಮಾತ್ರೆ ನುಂಗಬೇಕಾಗುತ್ತೆ. ಬರ್ಗರ್ ಐದು ವರ್ಷ ಒದ್ದಾಡಿದ್ದೂ ಇದೇ ಪ್ರಶ್ನೆಗೆ.

ಇಲ್ಲಿಗೇ ನಿಲ್ಲಿಸಿದ್ದರೆ ನಮಗೂ ಸುಲಭವಿತ್ತು. ನಾಜಿಗಳು ಬರ್ಗರ್ ಅವರನ್ನು ಕಾಡಿ ಓಡಿಸಿದರು ಅಂತ ಬಹಳ ಕಾಲ ಹೇಳುತ್ತಿದ್ದರು. ದಾಖಲೆ ಹುಡುಕಿದವರಿಗೆ ಸಿಕ್ಕಿದ್ದು ಬೇರೆ. ಎಸ್‌ಎಸ್ ಸಂಘಟನೆಗೆ ಅವರು ಬೆಂಬಲ ಸದಸ್ಯರಾಗಿದ್ದರು. ಯಾರಿಗೆ ಮಕ್ಕಳಾಗದಂತೆ ಬಲವಂತದ ಆಪರೇಷನ್ ಮಾಡಬೇಕು ಅಂತ ತೀರ್ಮಾನಿಸುವ ನ್ಯಾಯಾಲಯದಲ್ಲೂ ಕೂತಿದ್ದರು. ಆ ಕಾನೂನಿನ ರೋಗಗಳ ಪಟ್ಟಿಯಲ್ಲಿ ಅನುವಂಶಿಕ ಅಪಸ್ಮಾರವೂ ಇತ್ತು. ಇದನ್ನು ಓದಿದ ದಿನ ಈ ಲೇಖನ ಬೇಡ ಅಂತ ಅನಿಸಿತ್ತು. ಬಿಟ್ಟು ಬರೆದರೆ ಸುಳ್ಳಾಗುತ್ತೆ ಅಂತ ಸೇರಿಸಿದ್ದೇವೆ.

1938ರಲ್ಲಿ ನಿವೃತ್ತರಾದರು. ಖಿನ್ನತೆ ಕಾಡಿತು. 1941ರ ಜೂನ್ 1ರಂದು ತಾವೇ ಪ್ರಾಣ ಕಳೆದುಕೊಂಡರು. ಅಕ್ಕನ ಟೆಲಿಗ್ರಾಂ ಹಿಂದೆ ಇದೆ ಅಂತ ಅವರು ನಂಬಿದ್ದ ಆ ಶಕ್ತಿ ಮಾತ್ರ ಯಾವ ಕಾಗದದ ಮೇಲೂ ಗೆರೆಯಾಗಿ ಬರಲಿಲ್ಲ.